ಬರ್ಗಂಡಿ ಕಾಲುವೆಗೆ ಹನ್ನೆರಡು ಜನ

ಜುಲೈ ೮, ೧೯೮೬, ಮಂಗಳವಾರ

ಇವತ್ತೂ ಬಸ್ಸು ತಡ. ಎಲ್ ಕಮೀನೋ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಂತೆ. ಆಫೀಸಿಗೆ ಹೋಗಿ ಕಾಫಿ ಹಾಕಿ, ಟೈಪ್‌ರೈಟರಿನ ಹೊದಿಕೆ ತೆಗೆದು, ಮೂರು ಡೆನ್ವರ್ ಟಿಕೆಟ್ಟು, ಒಂದು ಬಾಂಬೆ ಟಿಕೆಟ್ಟು ಬರೆದೆ. ಹನ್ನೊಂದಕ್ಕೆ ಡಾರ್ಲೀನ್ ಬಂದಳು. ಟ್ರಾವೆಲ್ ಏಜೆನ್ಸಿ ಅವಳದು, ಸಿಟ್ಟೂ ಅವಳದೇ. ಮೇಜಿನ ಮೇಲೆ ಬಣ್ಣದ ಬ್ರೋಷರು ಎಸೆದಳು.

ಫ್ರಾನ್ಸಿನ ಬರ್ಗಂಡಿ ಕಾಲುವೆ. ಸರಕು ಸಾಗಿಸುತ್ತಿದ್ದ ಉದ್ದನೆಯ ಹಳೇ ದೋಣಿಗೆ ಕೋಣೆ, ಅಡುಗೆಮನೆ ಎಲ್ಲ ಮಾಡಿಸಿ, ಈಗ ಹನ್ನೆರಡು ಪ್ರವಾಸಿಗರನ್ನು ಕೂರಿಸುತ್ತಾರಂತೆ. ದ್ರಾಕ್ಷಿ ತೋಟ, ವೈನು, ನಿದ್ದೆ. ಆರು ದಿನಕ್ಕೆ ಮೂವತ್ತೈದು ಮೈಲಿ. ಅಕ್ಟೋಬರಿನ ಒಂದು ದೋಣಿಯನ್ನು ಡಾರ್ಲೀನ್ ಮುಂಗಡ ಕೊಟ್ಟು ಇಡಿಯಾಗಿ ಹಿಡಿದಿದ್ದಾಳೆ. ಹತ್ತುವವರು ಮಾತ್ರ ಒಬ್ಬರೂ ಇಲ್ಲ. ಬಾಂಬು, ಚೆರ್ನೋಬಿಲ್ಲಿನ ಅಣುಸ್ಥಾವರದ ವಿಷ... ಈ ವರ್ಷ ಯೂರೋಪಿನ ಹೆಸರೆತ್ತಿದರೆ ಜನ ಹವಾಯಿ ಎನ್ನುತ್ತಾರೆ.

"ಹನ್ನೆರಡೂ ಸೀಟು ತುಂಬಿಸಿದವರು ಎಸ್ಕಾರ್ಟ್ ಆಗಿ ಹೋಗಬಹುದು" ಅಂದಳು. ಅಂದರೆ ಗುಂಪಿನ ಜೊತೆ ಹೋಗಿ ಅವರ ಬೇಕುಬೇಡ ನೋಡಿಕೊಳ್ಳುವ ಕೆಲಸ. ಯಾರಿಗೆ ಹೇಳಿದಳೋ. ರೂಮಿನಲ್ಲಿದ್ದವಳು ನಾನೊಬ್ಬಳೇ.

ನನಗೆ ನಲವತ್ತಮೂರು. ಅಮೆರಿಕಕ್ಕೆ ಬಂದು ಹದಿನೇಳು ವರ್ಷ. ಹೋದದ್ದೆಲ್ಲ ಇವರ ಹಿಂದೆ ಇವರ ಕಾನ್ಫರೆನ್ಸಿಗೆ, ಇಲ್ಲವೇ ಮೈಸೂರಿನ ಮದುವೆ ಮುಂಜಿಗೆ. ನನ್ನ ಕೆಲಸಕ್ಕೆ ಅಂತ ನಾನು ಎಲ್ಲಿಗೂ ಹೋಗಿಲ್ಲ. ಈ ಸೀಟು ನನಗೆ ಬೇಕು. ಬೇಕೇ ಬೇಕು.

ಜುಲೈ ೧೩, ಭಾನುವಾರ

ಪಕ್ಕದ ಅಪಾರ್ಟ್‌ಮೆಂಟಿನ ಅಡಿವೆಪ್ಪನವರ ತಾಯಿ ಕಾಶವ್ವ ಧಾರವಾಡದಿಂದ ಬಂದಿದ್ದಾರೆ. ಸಂಜೆ ಹರಟೆಗೆ ಬಂದವರು ಬ್ರೋಷರು ತಿರುವಿ ಹಾಕಿದರು.

"ಇದು ದಿನಕ್ಕ ಎಷ್ಟ ದೂರ ಹೋಗ್ತೈತವಾ ಶೈಲಜಾ?"

ಆರು ಮೈಲಿ ಅಂದೆ.

"ಅಯ್ಯ! ಅಷ್ಟಕ್ಕ ದೋಣಿ ಯಾಕ ಬೇಕ? ನಾ ರೊಟ್ಟಿ ಬುತ್ತಿ ಕಟ್ಟಿಕೊಂಡು ನಡಕೋಂತ ಹೋದ್ರ ಅದಕ್ಕಿಂತ ಮೊದಲ ಮುಟ್ತೀನಿ."

ನಗು ತಡೆಯಲಾಗಲಿಲ್ಲ. ಕಾಶವ್ವನಿಗೆ ಎಂಬತ್ತಾಗಿದೆ. ಇವರೂ ಪೇಪರು ಕೆಳಗಿಟ್ಟು ನಕ್ಕರು. ಆಮೇಲೆ "ನಿನ್ನ ಟೈಂಪಾಸ್ ಕೆಲಸದಲ್ಲಿ ಒಳ್ಳೇ ತಮಾಷೆ ಇದೆ ಕಣೆ" ಅಂದರು. ಟೈಂಪಾಸ್! ಇರಲಿ.

ಆಗಸ್ಟ್ ೧, ಶುಕ್ರವಾರ

ತುಂಬಿತು! ಹನ್ನೆರಡೂ!

ಮೂರು ವಾರ ಫೋನು ಕೆಳಗಿಟ್ಟಿಲ್ಲ. ಎಲ್ಲರಿಗೂ ಒಂದೇ ಮಾತು: "ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ವರ್ಷದ ಅಜ್ಜಿ ಇದ್ದಾರೆ. ಅವರಿಗಿಂತ ನಿಧಾನ ಹೋಗುವ ದೋಣಿ ಇದು." ದಿನಾ ಫ್ರೀವೇಯಲ್ಲಿ ಜೀವ ತೇಯುವವರಿಗೆ ಇದು ಹಿಡಿಸಿಬಿಟ್ಟಿತು. ರೆಡ್‌ವುಡ್ ಸಿಟಿಯ ಇಬ್ಬರು ಟೀಚರು ಮೊದಲು ಬಂದರು. ಕೊನೆಗೆ ಲಾಸ್ ಆಲ್ಟೋಸ್‌ನ ಡಾಕ್ಟರ್ ಹ್ಯಾಲೋರನ್ ದಂಪತಿ. ಡಾಕ್ಟರೆಂದರೆ ಹಲ್ಲಿನ ಡಾಕ್ಟರು, ರಿಟೈರಾದವರು.

ಡಾರ್ಲೀನ್ ಕೈ ಕುಲುಕಿದಳು. "ಎಸ್ಕಾರ್ಟ್ ನೀನೇ" ಅಂದಳು. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ. ಪಕ್ಕದಲ್ಲಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು.

ಆಗಸ್ಟ್ ೬, ಬುಧವಾರ

ಒಬ್ಬೊಬ್ಬರಿಗೂ ಒಂದು ಕವರು ಮಾಡಿದೆ. ಫ್ರೆಂಚ್ ವೀಸಾ ಫಾರಮ್ಮು, ಫೋಟೊ, ಬ್ಯಾಂಕಿನ ಪತ್ರ, ವಾಪಸು ಬರುತ್ತೇವೆಂಬುದಕ್ಕೆ ಟಿಕೆಟ್ಟಿನ ನಕಲು. ನನ್ನ ಅರ್ಜಿಯನ್ನು ಮೊದಲೇ ಕಳಿಸಿದ್ದೇನೆ, ಇಂಡಿಯನ್ ಪಾಸ್‌ಪೋರ್ಟಿಗೆ ಸಮಯ ಹಿಡಿಯುತ್ತದೆ. ಟೀಚರಮ್ಮನವರಿಬ್ಬರೂ ಫೋಟೊ ತಂದುಕೊಟ್ಟು "ಏನೆಲ್ಲಾ ಬೇಕಪ್ಪಾ ಇದಕ್ಕೆ" ಎಂದರು. ಬೇಕಲ್ಲ ಮತ್ತೆ, ಬೇರೆಯವರ ದೇಶ.

ಆಗಸ್ಟ್ ೧೫, ಶುಕ್ರವಾರ

ನನ್ನ ವೀಸಾ ಬಂತು. ಪುಟ ತುಂಬ ದೊಡ್ಡ ಮುದ್ರೆ. ಇವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. ಎರಡು ಸಲ!

ಆಗಸ್ಟ್ ೧೯, ಮಂಗಳವಾರ

ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಡಾಕ್ಟರ್ ಹ್ಯಾಲೋರನ್ ಡಾರ್ಲೀನಿಗೆ ಫೋನು ಮಾಡಿದ್ದರಂತೆ. ಪತ್ರ ಬರೆದುಕೊಟ್ಟ ಬ್ಯಾಂಕಿನವನೇ ಆಮೇಲೆ ಅವರನ್ನು ಕೇಳಿದನಂತೆ, ಇದೆಲ್ಲ ಯಾಕೆ ಎಂದು. "ನಲವತ್ತನಾಲ್ಕರಲ್ಲಿ ಯುದ್ಧಕ್ಕೆಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದಾಗ ನನ್ನನ್ನು ಯಾರೂ ಫೋಟೊ ಕೇಳಲಿಲ್ಲ. ಈಗ ವಾಪಸು ಬರುತ್ತೇನೆಂದು ಸಾಕ್ಷಿ ಕೊಡಬೇಕೇ?" ಎಂದು ಡಾಕ್ಟರು ರೇಗಿದರಂತೆ.

ಅಮೆರಿಕನ್ನರಿಗೆ ಫ್ರಾನ್ಸಿಗೆ ವೀಸಾ ಬೇಡ. ಪಾಸ್‌ಪೋರ್ಟು ಹಿಡಿದು ಹೋದರಾಯಿತು. ಏಜೆನ್ಸಿಯಲ್ಲಿ ಕಸ ಗುಡಿಸುವವನಿಗೂ ಗೊತ್ತು, ನನಗೆ ಗೊತ್ತಿಲ್ಲ. ಯಾರನ್ನಾದರೂ ಕೇಳಬೇಕೆಂದೂ ಹೊಳೆಯಲಿಲ್ಲ. ಯಾರಪ್ಪಣೆಯೂ ಇಲ್ಲದೆ ಇನ್ನೊಂದು ದೇಶಕ್ಕೆ ನಡೆದು ಹೋಗುವ ಜನ ಇದ್ದಾರೆಂದು ನನ್ನ ತಲೆಗೆ ಬಂದಿದ್ದರೆ ತಾನೇ.

ಡಾರ್ಲೀನ್ ಬಾಗಿಲು ಹಾಕಿ ಬೈದಳು. ಬಾಗಿಲು ಗಾಜಿನದು. ಎಲ್ಲರಿಗೂ ಕ್ಷಮಾಪಣೆ ಟೈಪು ಮಾಡು, ಆ ಕವರುಗಳನ್ನು ಬಿಸಾಕು, ಅಂದಳು. ಕೊನೆಗೆ, "ಎಸ್ಕಾರ್ಟ್ ಆಗಿ ನಾನೇ ಹೋಗುತ್ತೇನೆ."

ಆಗಸ್ಟ್ ೨೦, ಬುಧವಾರ

ಹನ್ನೆರಡು ಕ್ಷಮಾಪಣೆ ಟೈಪು ಮಾಡಿದೆ. ಕವರು ಮಾತ್ರ ಬಿಸಾಕಲಿಲ್ಲ. ಹನ್ನೆರಡು ಜನವೂ ತುಂಬಿ ಸಹಿ ಹಾಕಿ ಕೊಟ್ಟ ಫಾರಮ್ಮನ್ನು ಎಸೆಯುವ ಕೈ ನಮ್ಮದಲ್ಲ. ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

"ಬಿಟ್ಬಿಡು ಆ ಕೆಲಸ. ನಮಗೇನು ಕಡಿಮೆಯಾಗಿದೆ?" ಅಂದರು ಇವರು. ಸಮಾಧಾನಕ್ಕೇ ಅಂದದ್ದು. ಅದಕ್ಕೇ ಇನ್ನೂ ಹೆಚ್ಚು ಅಳು ಬಂತು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿರುಪಮಾ ಬಾಗಿಲು ತಟ್ಟಿ "ಅಮ್ಮ, ಆರ್ ಯೂ ಓಕೆ?" ಅಂದಳು. ಹದಿನಾರು ವರ್ಷದ ಮಗಳಿಗೆ ಏನು ಹೇಳುವುದು. ಈರುಳ್ಳಿ ಅಂದೆ. ಬಚ್ಚಲಲ್ಲಿ ಈರುಳ್ಳಿ!

ಸೆಪ್ಟೆಂಬರ್ ೧೪, ಭಾನುವಾರ

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಡೆನ್ವರ್ ಟಿಕೆಟ್ಟು, ಬಾಂಬೆ ಟಿಕೆಟ್ಟು, ಡೆನ್ವರ್ ಟಿಕೆಟ್ಟು.

ಸಂಜೆ ಟಿವಿ ನ್ಯೂಸು. ಪ್ಯಾರಿಸ್ಸಿನಲ್ಲಿ ಮತ್ತೆ ಬಾಂಬು. ಪಾಪ, ಅಂಗಡಿಗೆ ಹೋದವರು, ಊಟಕ್ಕೆ ಕೂತವರು. ಲಟ್ಟಣಿಗೆ ಹಿಡಿದು ನೋಡುತ್ತಾ ನಿಂತಿದ್ದೆ. ಆಗ ಹೇಳಿದರು: ಇನ್ನು ಮುಂದೆ ಫ್ರಾನ್ಸಿಗೆ ಹೋಗಲು ಹೊರದೇಶದವರಿಗೆಲ್ಲ ವೀಸಾ ಬೇಕು. ಯೂರೋಪಿನ ನೆರೆಯವರಿಗೆ ಮಾತ್ರ ವಿನಾಯಿತಿ. ಅಮೆರಿಕನ್ನರಿಗೂ ಬೇಕು.

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ.

"ಆ ಕವರು ಬಿಸಾಕಿದ್ಯೇನೇ?"

"ಇಲ್ಲಾ ರೀ!"

ಜನ ಸತ್ತ ಸುದ್ದಿಯ ಬೆನ್ನಿಗೇ ಎದೆಯಲ್ಲಿ ಹಿಗ್ಗು. ನಾಚಿಕೆಯಾಯಿತು. ದೇವರ ಮುಂದೆ ತಪ್ಪಾಯಿತೆಂದು ಕೈ ಮುಗಿದೆ. ಹಿಗ್ಗು ಮಾತ್ರ ಹೋಗಲಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ಆಫೀಸಿನಲ್ಲಿ ಎಲ್ಲ ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಡಾರ್ಲೀನ್ ತಲೆ ಹಿಡಿದು ಕೂತಿದ್ದಳು. ಹೊರಡಲು ಮೂರು ವಾರ ಇಲ್ಲ. ಫಾರಮ್ಮು ಎಲ್ಲಿ ಸಿಗುತ್ತದೆ, ಫೋಟೊ ಎಷ್ಟು, ಯಾರಿಗೂ ಗೊತ್ತಿಲ್ಲ. ದೋಣಿ ತಪ್ಪಿದರೆ ಏಜೆನ್ಸಿಯ ಹೆಸರೂ ಮುಳುಗುತ್ತದೆ.

ಡ್ರಾಯರಿನ ಬೀಗ ತೆಗೆದು, ಹನ್ನೆರಡು ಕವರು ತಂದು ಮೇಜಿನ ಮೇಲಿಟ್ಟೆ. ಅಂಚು ಸರಿ ಮಾಡಿ ಅವಳತ್ತ ತಳ್ಳಿದೆ. ಮಾತು ಯಾಕೆ?

ಡಾರ್ಲೀನ್ ಒಂದು ತೆಗೆದು ನೋಡಿದಳು. ಇನ್ನೊಂದು. "ಬಿಸಾಕು ಅಂದಿದ್ದೆನಲ್ಲ" ಅಂದಳು, ಸಣ್ಣ ದನಿಯಲ್ಲಿ.

"ಮರೆತೆ" ಅಂದೆ.

ಇನ್ನು ಬೇಕಾದದ್ದು ಪಾಸ್‌ಪೋರ್ಟು ಮಾತ್ರ. ನಿರುಪಮಾಗೆ ಲೈಸೆನ್ಸು ಬಂದು ಒಂದು ತಿಂಗಳಷ್ಟೆ. ಸ್ಕೂಲು ಮುಗಿಸಿ ಬಂದವಳೇ ಕಾರು ತೆಗೆದಳು. ಪಾಲೋ ಆಲ್ಟೋ, ರೆಡ್‌ವುಡ್ ಸಿಟಿ, ಕೊನೆಗೆ ಲಾಸ್ ಆಲ್ಟೋಸ್. ಡಾಕ್ಟರ್ ಹ್ಯಾಲೋರನ್ ಅವರೇ ಬಾಗಿಲು ತೆಗೆದರು. ಪಾಸ್‌ಪೋರ್ಟು ಕೊಟ್ಟು, ಒಳಗೆ ಹೋಗದೆ ನಿಂತರು. "ನನ್ನ ಬ್ಯಾಂಕಿನ ಪತ್ರ... ಇನ್ನೂ ಇದೆಯೇ?"

ಇದೆ ಅಂದೆ. ಮುದುಕರು ಕಿವಿಯವರೆಗೂ ಕೆಂಪಾದರು.

ಕಾರಿನಲ್ಲಿ ನಿರುಪಮಾ: "ಅಮ್ಮ, ಯೂ ಆರ್ ಸೋ ಕೂಲ್." ಈ ಮಾತು ಈ ಹುಡುಗಿಯ ಬಾಯಲ್ಲಿ! ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ ೧೬, ಮಂಗಳವಾರ

ಬೆಳಿಗ್ಗೆ ಐದಕ್ಕೆ ಇವರೇ ಎಬ್ಬಿಸಿದರು. ಫ್ಲಾಸ್ಕಿಗೆ ಕಾಫಿ ಹಾಕಿ, ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕಾರು ಬಿಟ್ಟುಕೊಂಡು ಬಂದರು. ವೀಸಾ ಕೊಡುವ ಫ್ರೆಂಚ್ ಕಾನ್ಸುಲೇಟಿನ ಮುಂದೆ ಆಗಲೇ ಮೂವತ್ತು ಜನ, ಚಳಿ, ಮಂಜು. "ನಾನೂ ನಿಲ್ಲಲಾ?" ಅಂದರು. ಬೇಡ, ಆಫೀಸಿಗೆ ಹೋಗಿ ಅಂದೆ.

ನನ್ನ ಚೀಲದಲ್ಲಿ ಸ್ಟೇಪ್ಲರು, ಗೋಂದು, ಕತ್ತರಿ, ಆರು ಪೆನ್ನು, ಖಾಲಿ ಫಾರಮ್ಮು, ಕೂರಲು ಹಳೇ ಪೇಪರು, ಮೊಸರನ್ನದ ಡಬ್ಬಿ. ಹಿಂದೆ ಸೂಟು ಹಾಕಿದ್ದ ಮನುಷ್ಯನ ಹತ್ತಿರ ಪೆನ್ನೂ ಇರಲಿಲ್ಲ. ಒಂದು ಕೊಟ್ಟೆ. ಅವನ ಹಿಂದಿನವಳಿಗೆ ಫಾರಮ್ಮು. ಅವಳ ಹಿಂದಿನವನ ಫೋಟೊ ದೊಡ್ಡದಾಯಿತು, ಕತ್ತರಿಸಿಕೊಟ್ಟೆ. ಏಳೂವರೆಗೆ ಸಾಲಿನ ತುದಿಯಿಂದಲೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಒಬ್ಬಳಿಗಂತೂ ನಾನು ಕಾನ್ಸುಲೇಟಿನವಳೇ.

ಸೂಟಿನವನು ಪೆನ್ನು ವಾಪಸು ಕೊಡುತ್ತಾ ಕೇಳಿದ, "ಯಾವಾಗಲೂ ಹೀಗೇನಾ?"

"ನಮಗೆ ಯಾವಾಗಲೂ ಹೀಗೇ" ಅಂದೆ.

ಅವನು ಸಾಲಿನ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದ. "ಸಾರಿ" ಅಂದ. ಯಾಕೆ ಅಂದನೋ, ಒಳ್ಳೆಯವನು.

ಕಿಟಕಿಯ ಫ್ರೆಂಚಮ್ಮ ಸುಸ್ತಾಗಿದ್ದಳು. ನನ್ನ ಹನ್ನೆರಡು ಕವರು ಒಂದೊಂದಾಗಿ ಬಿಚ್ಚಿದಳು. ಏನಾದರೂ ಕೊರತೆ ಸಿಗುತ್ತದೆಂದು ಹುಡುಕಿದಳು. ಸಿಗಲಿಲ್ಲ. ಬೆಳಗಿನಿಂದ ಮೊದಲ ಸಲವೋ ಏನೋ, ನಕ್ಕಳು.

ಸೆಪ್ಟೆಂಬರ್ ೧೯, ಶುಕ್ರವಾರ

ಹನ್ನೆರಡಕ್ಕೆ ಹನ್ನೆರಡೂ ಬಂದವು!!

ಹ್ಯಾಲೋರನ್ ಪಾಸ್‌ಪೋರ್ಟು ಒಯ್ಯಲು ಬಂದವರು ನನ್ನ ಮೇಜಿನ ಮುಂದೆ ನಿಂತು, ಆಫೀಸಿಗೆಲ್ಲ ಕೇಳುವಂತೆ, "ನಮ್ಮ ಜೊತೆ ಬರುವುದು ಯಾರು? ಈಕೆ ಬಂದರೆ ನಾನು ಬರುತ್ತೇನೆ" ಅಂದರು. ಟೀಚರಮ್ಮನವರೂ ಫೋನಿನಲ್ಲಿ ಅದನ್ನೇ ಹೇಳಿದ್ದರಂತೆ.

ಡಾರ್ಲೀನ್ ಎದ್ದು ಬಂದಳು. ಈ ಸಲ ಗಾಜಿನ ಬಾಗಿಲು ಹಾಕಲಿಲ್ಲ. "ನಾನು ಅಂದದ್ದು ತಪ್ಪು. ಸೀಟು ನಿನ್ನದು. ಹೇಗೂ ಈ ಆಫೀಸಿನಲ್ಲಿ ಫ್ರೆಂಚ್ ವೀಸಾ ಇರುವುದು ನಿನಗೊಬ್ಬಳಿಗೇ."

ಮನೆಗೆ ಬಂದು ಒಬ್ಬಳೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ರಾತ್ರಿಗೆ ಹೋಳಿಗೆ. ಕಾಶವ್ವನಿಗೂ ಕಳಿಸಿದೆ.

ಅಕ್ಟೋಬರ್ ೫, ಭಾನುವಾರ, ಪ್ಯಾರಿಸ್

ಏರ್‌ಪೋರ್ಟಿನಲ್ಲಿ ಬಂದೂಕು ಹಿಡಿದ ಸಿಪಾಯಿಗಳು. ನಮ್ಮವರು ಕೋಳಿಮರಿಗಳಂತೆ ನನ್ನ ಹಿಂದೆ. ವೀಸಾ ಇಲ್ಲದವರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿದ್ದರು, ಎಂಥೆಂಥ ಸೂಟು, ಎಂಥೆಂಥ ಟೋಪಿ. ನಮ್ಮ ಹದಿಮೂರು ಪಾಸ್‌ಪೋರ್ಟಿಗೂ ಟಕ್ ಟಕ್ ಎಂದು ಮುದ್ರೆ ಬಿತ್ತು. ಎಲ್ಲರಿಗಿಂತ ಮೊದಲು ನನ್ನದಕ್ಕೆ.

ಅಕ್ಟೋಬರ್ ೮, ಬುಧವಾರ, ದೋಣಿ

ಎಷ್ಟು ನಿಧಾನ! ದಡದಲ್ಲಿ ಒಂದು ಹಸು ಮೇಯುತ್ತಾ ನಮ್ಮ ಜೊತೆಗೇ ಬಂತು, ಆಮೇಲೆ ಮುಂದೆ ಹೋಯಿತು. ಕಾಶವ್ವ ಹೇಳಿದ್ದು ನೂರಕ್ಕೆ ನೂರು ನಿಜ.

ಕಾಲುವೆಗೆ ಮೆಟ್ಟಿಲಿದ್ದ ಹಾಗೆ ಲಾಕುಗಳಿವೆ. ಕಲ್ಲಿನ ತೊಟ್ಟಿಯೊಳಗೆ ದೋಣಿ ನಿಲ್ಲಿಸಿ, ಬಾಗಿಲು ಹಾಕಿ, ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏಳುತ್ತದೆ. ಮೊದಲು ಪಾಚಿ ಹಿಡಿದ ಗೋಡೆ, ಆಮೇಲೆ ಹುಲ್ಲು, ಆಮೇಲೆ ಹಳದಿಯಾದ ದ್ರಾಕ್ಷಿ ತೋಟ ಗುಡ್ಡದವರೆಗೆ. ಇವತ್ತು ಒಂಬತ್ತು ಲಾಕು. ಒಂಬತ್ತನ್ನೂ ನಿಂತು ನೋಡಿದೆ.

ಮಧ್ಯಾಹ್ನ ವೈನು ರುಚಿ ನೋಡುವ ನೆಲಮಾಳಿಗೆ. ಕುಡಿಯದವಳು ನಾನೊಬ್ಬಳೇ, ಅದಕ್ಕೇ ತಲೆ ಎಣಿಸುವ ಕೆಲಸಕ್ಕೆ ಲಾಯಕ್ಕು. ಒಳಗೆ ಹೋದವರು ಹನ್ನೆರಡು, ಹೊರಗೆ ಬಂದವರು ಹನ್ನೆರಡು. ನಡಿಗೆ ಮಾತ್ರ ಬೇರೆ. ಅಡುಗೆಯವಳು ನನಗೆಂದು ಆಲೂಗಡ್ಡೆ, ಬೇಳೆಯ ಕೋಸಂಬರಿಯಂಥದ್ದು ಏನೋ ಮಾಡಿದ್ದಳು. ಮೆಣಸಿನಪುಡಿ ನನ್ನ ಹತ್ತಿರ ಇತ್ತು. ಹ್ಯಾಲೋರನ್ ಕೇಳಿ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು ತಿಂದರು.

ಸುಖವಾಗಿದ್ದೇನೆ. ಇದನ್ನು ಸುಮ್ಮನೆ ಹೀಗೇ ಬರೆಯಬೇಕೆನಿಸಿತು.

ಅಕ್ಟೋಬರ್ ೧೦, ಶುಕ್ರವಾರ, ಸಂಜೆ ಏಳು

ಐದು ಗಂಟೆಗೆ ಲಾಕಿನ ಪಕ್ಕದ ಮನೆಯಿಂದ ಹೆಂಗಸೊಬ್ಬಳು "ಮದಾಮ್! ಕ್ಯಾಲಿಫೋರ್ನಿಯಾ!" ಎಂದು ಕೂಗಿದಳು. ಓಡಿದೆ. ಮನೆಯವರಿಗೆ ಏನಾಯಿತೋ ಎಂದು ಜೀವ ಬಾಯಿಗೆ ಬಂತು. ಫೋನಿನಲ್ಲಿ ಡಾರ್ಲೀನ್, ದೋಣಿ ಕಂಪನಿಯವರನ್ನು ಕೇಳಿ ನಂಬರು ಹಿಡಿದಿದ್ದಳು. ನಮ್ಮ ಹನ್ನೆರಡು ಜನಕ್ಕೂ ವೀಸಾ ಸಿಕ್ಕ ಸುದ್ದಿ ಊರೆಲ್ಲ ಹಬ್ಬಿದೆಯಂತೆ. ಮುಂದಿನ ವರ್ಷಕ್ಕೆ ಈಗಲೇ ಕೇಳುತ್ತಿದ್ದಾರಂತೆ. ಯೂರೋಪಿನ ಕೆಲಸವೆಲ್ಲ ನಾನೇ ನೋಡಿಕೊಳ್ಳಬೇಕಂತೆ, ಬೇರೆ ಮೇಜು, ಬೇರೆ ಫೋನು, ಮೂರು ದೋಣಿ. "ಅವಸರವಿಲ್ಲ. ವಾಪಸು ಬಂದು ಗಂಡನನ್ನು ಕೇಳಿ ಹೇಳು."

ಹದಿನೇಳು ವರ್ಷದಿಂದ ಎಲ್ಲರಿಗೂ ನಾನು ಹೇಳಿಕೊಂಡು ಬಂದ ಮಾತು ಅದು. ನಾಲಿಗೆಯ ತುದಿಗೂ ಬಂದಿತ್ತು.

"ಒಪ್ಪಿಗೆ" ಅಂದೆ. "ಮೂರಲ್ಲ, ನಾಲ್ಕು ದೋಣಿ ಹಿಡಿ."

ಆಮೇಲೆ ಆ ಹೆಂಗಸನ್ನು ಕೇಳಿಕೊಂಡು ಮನೆಗೆ ಫೋನು ಹಚ್ಚಿದೆ. ಅಲ್ಲಿ ಇನ್ನೂ ಬೆಳಿಗ್ಗೆ. ಇವರು ಪೂರ್ತಿ ಕೇಳಿಸಿಕೊಂಡರು.

"ನನ್ನನ್ನ ಒಂದ್ ಮಾತು ಕೇಳ್ಲಿಲ್ವಲ್ಲೇ ಶೈಲೂ."

"ಹೇಳ್ತಾ ಇದೀನಲ್ಲ ರೀ."

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು. ಆಮೇಲೆ ನಕ್ಕರು, ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. "ಆ ನಾಲ್ಕು ದೋಣೀಲಿ ಎಲ್ಲಾದ್ರೂ ನಂಗೊಂದು ಸೀಟು ಸಿಗತ್ತಾ, ಮೇಡಂ?"

"ಹೆಸರು ಬರ್ಸಿ, ನೋಡೋಣ."

ಇನ್ನೂ ಬರೆಯುವುದಿದೆ. ಮೇಲಿಂದ ಕೂಗುತ್ತಿದ್ದಾರೆ. ಎಲ್ಲರೂ ಊಟಕ್ಕೆ ಕೂತಾಗಿದೆಯಂತೆ, ನಾನು ಹೋಗಿ ನಡುವಿನ ಕುರ್ಚಿಯಲ್ಲಿ ಕೂರುವ ತನಕ ಯಾರೂ ಚಮಚ ಮುಟ್ಟಕೂಡದೆಂದು ಡಾಕ್ಟರು ಹಟ ಹಿಡಿದು—