ಇಳಿಜಾರಿನ ಕೆಳಮಗ್ಗುಲು

ಅಪ್ಪಾ,

ನೀನು ಓದುವುದಿಲ್ಲವೆಂದು ಗೊತ್ತು, ಆದರೂ ವರದಿ ಒಪ್ಪಿಸುತ್ತಿದ್ದೇನೆ. ನೀನು ಹೋದ ಮೇಲೆ ಮೊದಲ ಸಲ, ಮಗಳನ್ನು ಕರೆದುಕೊಂಡು ನಮ್ಮ ಕಣಿವೆಗೆ ಹೋಗಿದ್ದೆ. ಎರಡೂ ಕಡೆ ಮುಗಿಲು ಮುಟ್ಟುವ ಬಂಡೆ ಹಾಗೇ ಇದೆ. ಟೆಂಟ್ ಹಾಕಲು ಅಂಗೈಯಗಲ ಸಮತಟ್ಟಾದ ನೆಲ ಈಗಲೂ ಇಲ್ಲ. ಗೂಟ ಹೊಡೆಯುವಾಗ ಬೆರಳು ಜಜ್ಜಿಕೊಂಡೆ.

ಇಳಿಜಾರಲ್ಲಿ ಮಲಗಿದರೆ ನಿದ್ದೆಯಲ್ಲಿ ಉರುಳುತ್ತೇವೆಂದು ನೀನು ಯಾವಾಗಲೂ ಕೆಳಗಿನ ಮಗ್ಗುಲಲ್ಲೇ ಮಲಗುತ್ತಿದ್ದೆ. ನಾನು ಉರುಳಿ ನಿನ್ನ ಎದೆಗೆ ಬಂದು ನಿಲ್ಲುತ್ತಿದ್ದೆ. ಬೆಳಿಗ್ಗೆ ನಿನ್ನ ಅಂಗಿಯ ಬೆನ್ನು ತೊಯ್ದು ತೊಪ್ಪೆಯಾಗಿರುತ್ತಿತ್ತು. ಕೇಳಿದರೆ, "ಬೆವರು ಕಣೇ" ಅನ್ನುತ್ತಿದ್ದೆ. ಚಳಿಯಲ್ಲೂ ಬೆವರುವ ಅಪ್ಪನೆಂದು ಗೆಳತಿಯರಿಗೆಲ್ಲ ಹೇಳಿ ನಕ್ಕಿದ್ದೇನೆ.

ಈ ಸಲ ಕೆಳಗಿನ ಮಗ್ಗುಲು ನನ್ನದಾಯಿತು. ಮಗಳು ಉರುಳಿ ಬಂದು ಒತ್ತಿದಂತೆಲ್ಲ ನನ್ನ ಬೆನ್ನು ಟೆಂಟಿನ ಬಟ್ಟೆಗೆ ತಾಗಿತು. ನಮ್ಮ ಉಸಿರು ಚಳಿಗೆ ತಣಿದು ಅದರ ಒಳಮೈಯಲ್ಲಿ ಕಟ್ಟಿದ್ದ ಹನಿಯೆಲ್ಲ ಅಂಗಿಗೆ ಇಳಿಯಿತು. ಸರಿಯಲು ಜಾಗವಿರಲಿಲ್ಲ, ಅವಳನ್ನು ಎಬ್ಬಿಸಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಅವಳು ಬೆನ್ನು ಮುಟ್ಟಿ ನೋಡಿ, "ಇದೇನಮ್ಮಾ, ಹಿಂಡಿದ್ರೆ ನೀರು ಬರತ್ತೆ!" ಅಂದಳು.

"ಬೆವರು ಕಣೇ" ಅಂದೆ.

"ಈ ಚಳೀಲಾ?" ಅಂತ ಬಿದ್ದು ಬಿದ್ದು ನಕ್ಕಳು. ಥೇಟ್ ನನ್ನ ಹಾಗೇ.