ಅಕ್ಕನ ಸೋಮಾರಿ ಮೂಳೆ

ಮಾರ್ಚ್ ೧೨, ಮಧ್ಯಾಹ್ನ
ಪ್ರಯೋಗಾಲಯದ ಊಟದ ಮೇಜಿನಿಂದ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಇನ್ನೂರ ಆರು ಮೂಳೆಗಳೇ, ಮತ್ತು ಈ ಮಹಾಸಭೆಯ ಏಕೈಕ ಶ್ರೋತೃವಾದ ಅಕ್ಕಾ,

ನಮಸ್ಕಾರ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಕೆಲಸ ಜಾಸ್ತಿ ಎಂದರೆ ನೀನು ನಂಬುವವಳಲ್ಲ; ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುವವನಿಗೆ ಅದೆಂಥ ಕೆಲಸ ಎನ್ನುತ್ತೀಯ.

ಇಂದಿನ ಉಪನ್ಯಾಸದ ವಿಷಯ ಮೂಳೆ. ಅದು ಮೈಯನ್ನು ನಿಲ್ಲಿಸುವ ಗೂಟ ಅಷ್ಟೇ ಎಂದು ಶಾಲೆಯಲ್ಲಿ ಓದಿದ್ದೆವು. ಅಷ್ಟೇ ಅಲ್ಲವಂತೆ. ಮೂಳೆ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೇದೋಜೀರಕ ಗ್ರಂಥಿಯ ಬಾಗಿಲು ತಟ್ಟಿ, ಏಳಮ್ಮ, ಸಕ್ಕರೆ ಬಂದಿದೆ, ಇನ್ಸುಲಿನ್ ಕೊಡು ಎನ್ನುತ್ತದೆ. ಇಲಿಗಳಲ್ಲಿ ಇದನ್ನು ಕಂಡಿದ್ದಾರೆ. ಮನುಷ್ಯರಲ್ಲಿ ಎಷ್ಟು ನಿಜ ಎಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ನಮ್ಮ ಪ್ರಯೋಗಾಲಯದ ಮೇಡಂ ನಿನ್ನನ್ನೂ ಸೇರಿಸಿ ನಲವತ್ತು ಮಂದಿ ಸಕ್ಕರೆ ಕಾಯಿಲೆಯವರನ್ನು ಮೂರು ತಿಂಗಳು ಮೆಟ್ಟಿಲು ಹತ್ತಿಸಿದ್ದು ಆ ಜಗಳಕ್ಕಾಗಿಯೇ. ನಾನೂ ಒಂದು ಪದ್ಯ ಕಟ್ಟಿ ಗೋಡೆಗೆ ಅಂಟಿಸಿದ್ದೇನೆ:

ಹತ್ತಿದರೆ ಮೆಟ್ಟಿಲು, ಮೂಳೆಗೆ ಕೆಲಸ;
ಕೂತರೆ ಸುಮ್ಮನೆ, ಸಕ್ಕರೆಗೆ ವಿಲಾಸ.

ಪ್ರಾಸ ಪರವಾಗಿಲ್ಲ, ಚೀಟಿ ಮೇಲಿನ ಅಕ್ಷರ ಸ್ವಲ್ಪ ಸುಧಾರಿಸಲಿ ಎಂದರು ಮೇಡಂ.

ನಿನ್ನೆ ಭಾವ ಫೋನ್ ಮಾಡಿದ್ದರು. ನೀನೀಗ ಎರಡನೇ ಮಹಡಿಗೂ ಲಿಫ್ಟಿನಲ್ಲೇ ಹೋಗುತ್ತೀಯಂತೆ. ಇಡೀ ದಿನ ಹೊಲಿಗೆ ಯಂತ್ರದ ಮುಂದಿನಿಂದ ಏಳುವುದಿಲ್ಲವಂತೆ. ಕೇಳಿದರೆ, "ನನ್ನ ಮೂಳೆ ಹುಟ್ಟಾ ಸೋಮಾರಿ ಕಣ್ರೀ, ರಿಪೋರ್ಟಲ್ಲೇ ಬರೆದಿದೆ. ಸುಮ್ನೆ ಅದಕ್ಯಾಕೆ ತೊಂದ್ರೆ ಕೊಡ್ಲಿ?" ಎನ್ನುತ್ತೀಯಂತೆ. ಭಾವ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಆ ರಿಪೋರ್ಟಿನ ಮೊದಲ ಸಾಲನ್ನಷ್ಟೇ ನೀನು ಓದಿದ್ದೀಯ: ಮೂಳೆಯ ಹಾರ್ಮೋನು ತೀರಾ ಕಡಿಮೆ. ಕೆಳಗಿನ ಸಾಲನ್ನೂ ಓದು. ನಿನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ ೮.೧ರಿಂದ ೭.೪ಕ್ಕೆ ಇಳಿದಿದೆ. ಅದನ್ನು ಇಳಿಸಿದ್ದು ಲಿಫ್ಟಲ್ಲ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮಂಡಿಗಳಿಗೆ ಆಯುರಾರೋಗ್ಯ.

ಇಂತಿ ನಿನ್ನ ತಮ್ಮ,
ಪ್ರಾಸಪ್ಪ

ತಾ.ಕ.: ಸಭೆ, ಅಧ್ಯಕ್ಷರು ಎಲ್ಲ ಬಿಡು ಅಕ್ಕ. ಆ ಹಾರ್ಮೋನಿನ ಟ್ಯೂಬನ್ನು ರಕ್ತ ತೆಗೆದ ಕೂಡಲೇ ಐಸಿನಲ್ಲಿಡಬೇಕು, ಇಲ್ಲದಿದ್ದರೆ ಹಾರ್ಮೋನು ಒಡೆದುಹೋಗುತ್ತದೆ. ಮೂರು ತಿಂಗಳು ಮುಗಿದು ನಿಮ್ಮೆಲ್ಲರ ರಕ್ತ ತೆಗೆದ ದಿನ ಮೂವತ್ತೊಂಬತ್ತು ಟ್ಯೂಬುಗಳನ್ನು ಹಾಗೇ ಇಟ್ಟೆ. ನಿನ್ನದೊಂದು ಬೇರೆಯವರ ಟ್ಯೂಬುಗಳ ಜೊತೆ ಬೆರೆಯಬಾರದೆಂದು ಅಂಗಿಯ ಜೇಬಿಗೆ ಹಾಕಿಕೊಂಡು, ನಿನ್ನನ್ನು ಬಸ್ಸು ಹತ್ತಿಸಲು ಬಂದೆ. ಬಸ್ಸು ಬರಲು ಒಂದೂವರೆ ಗಂಟೆಯಾಯಿತು. ನಾವು ಹಳೆಯದೆಲ್ಲ ನೆನೆದು ನಗುತ್ತ ನಿಂತಿದ್ದೆವು, ಅದು ನನ್ನ ಎದೆಯ ಮೇಲೆ ಬೆಚ್ಚಗಿತ್ತು. ವಾಪಸು ಬಂದು ಯಾರಿಗೂ ಹೇಳದೆ ಐಸಿಗೆ ಸೇರಿಸಿದೆ. ಸಕ್ಕರೆಯ ಟ್ಯೂಬು ಬೇರೆ, ಅದಕ್ಕೇನೂ ಆಗಿಲ್ಲ.

ಇವತ್ತು ಬೆಳಿಗ್ಗೆ ಮೇಡಂಗೆ ಹೇಳಿದೆ. ಅವರು ನನ್ನ ಜೇಬನ್ನೊಮ್ಮೆ ನೋಡಿ, "ನಿಮ್ಮಕ್ಕಂಗೆ ಮತ್ತೆ ಮೆಟ್ಲು ಹತ್ತೋಕೆ ಹೇಳಿ. ಇನ್ನೊಂದ್ಸಲ ರಕ್ತ ತಗೊಳ್ಳೋಣ" ಎಂದರು.

ಹತ್ತು ಅಕ್ಕ. ಈ ಸಲ ನಾನು ಬಸ್ ಸ್ಟಾಪಿಗೆ ಬರುವುದಿಲ್ಲ.