ಗೊಂಬೆಯ ಗಂಟಲಲ್ಲಿ ಗುಳಿಗೆ

ಜನವರಿ 20, ಬೆಳಿಗ್ಗೆ 5.10
ಬಸವನ ಬಾಗೇವಾಡಿ

ಬರೆದುಬಿಡುತ್ತೇನೆ. ಥೈರಾಯ್ಡ್ ಗುಳಿಗೆ ನುಂಗದೆ ಇವತ್ತಿಗೆ ನಲವತ್ತಾರು ದಿನ. ಯಾರಿಗೂ ಗೊತ್ತಿಲ್ಲ.

ದಿನಾ ವಿಜಯಲಕ್ಷ್ಮಿ ಅಕ್ಕೋರ ಎದುರಿಗೇ ಸ್ಟ್ರಿಪ್ ಒಡೆಯುತ್ತೇನೆ. ಹೈಸ್ಕೂಲಿನಲ್ಲಿ ನನಗೆ ಕಲಿಸಿದವರು, ಈಗ ನಾನಿರುವುದು ಅವರ ಮನೆಯಲ್ಲೇ. ಬಾಯಿಗೆ ಹಾಕಿಕೊಂಡಂತೆ ಮಾಡಿ ನೀರು ಕುಡಿಯುತ್ತೇನೆ. ಗುಳಿಗೆ ಮುಷ್ಟಿಯಲ್ಲೇ. ಆಮೇಲೆ ವ್ಯಾನಿಗೆ ಸಾಮಾನು ಏರಿಸುವಾಗ ಗೊಂಬೆಯ ಗಂಟಲಿಗೆ ಹಾಕುತ್ತೇನೆ. ನಾವಿಬ್ಬರೂ ಊರೂರಿನ ಶಾಲೆಗಳಲ್ಲಿ ಥೈರಾಯ್ಡ್ ಬಗ್ಗೆ ಹೇಳುವಾಗ ತೋರಿಸುವ ಪ್ಲಾಸ್ಟಿಕ್ ಗೊಂಬೆ. ಕೊರಳಲ್ಲಿ ಚಿಟ್ಟೆಯಂಥ ಗ್ರಂಥಿ, ತಿರುಗಿಸಿದರೆ ಕೈಗೆ ಬರುತ್ತದೆ. ಒಳಗೆ ಟೊಳ್ಳು. ಸಪ್ಪಳ ಆಗದಿರಲಿ ಅಂತ ಹತ್ತಿ ತುರುಕಿದ್ದೇನೆ.

ಹೊರಗೆ ಚಳಿ. ಅಕ್ಕೋರು ಸ್ವೆಟರ್ ಮೇಲೆ ಶಾಲು ಹೊದ್ದಿದ್ದಾರೆ. ನನಗೆ ಫ್ಯಾನ್ ಬೇಕು. ನಾಡಿ ಎಣಿಸಿದೆ — ನೂರಾ ಎಂಟು. ನಿದ್ದೆ ಮೂರು ತಾಸು.

ಯಾಕೆ ಬಿಟ್ಟೆ, ಅದನ್ನೂ ಬರೆಯಬೇಕು. ಗುಳಿಗೆಯಿಂದ ಕೈನಡುಕ ಹೋಯಿತು. ಎದೆಬಡಿತ ಇಳಿಯಿತು. ನಾಲ್ಕನೆಯ ತಿಂಗಳಿಗೆ ಮಾತೂ ಇಳಿಯಿತು. ನವೆಂಬರಿನಲ್ಲಿ ಇಂಡಿ ಹೈಸ್ಕೂಲಿನಲ್ಲಿ ಮೈಕ್ ಹಿಡಿದು ನಿಂತವಳಿಗೆ ಮುಂದಿನ ವಾಕ್ಯ ಸಿಗಲಿಲ್ಲ. ಹುಡುಗರು ಆಕಳಿಸಿದರು. ಅಕ್ಕೋರು ಮಾತ್ರ, "ಚೊಲೊ ಆತು ಬಿಡವ್ವಾ" ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ.

ಅದೇ ವಾರ ಮುದ್ದೇಬಿಹಾಳದಿಂದ ಅವ್ವನ ಫೋನು. "ಗುಳಗಿ ಸುರು ಮಾಡಿದಾಗಿಂದ ಎದುರ ಮಾತಾಡೂದ ಬಿಟ್ಟಿ ನೋಡು ಯಶೋಧಾ. ಹಿಂಗ ಇರು. ಬೀಗರು ಬಂದ್ರ ತೋರ್ಸಾಕ ಬರ್ತೈತಿ."

ಬಿಟ್ಟೆ.

ಮೂರನೆಯ ವಾರಕ್ಕೆ ಮಾತು ತಿರುಗಿ ಬಂತು.

ಜನವರಿ 22
ಸಿಂದಗಿ

ಇವತ್ತು ನಾಲ್ಕು ನೂರು ಮಕ್ಕಳು. ಒಬ್ಬರೂ ಮಿಸುಕಲಿಲ್ಲ.

'ರಸದೂತ', 'ನಿರ್ನಾಳ ಗ್ರಂಥಿ' ಅಂತ ಅಕ್ಕೋರು ಸುರು ಮಾಡಿದರೆ ಹುಡುಗರು ಕಿಟಕಿ ನೋಡುತ್ತಾರೆ. ನಾನು ಬೋರ್‌ವೆಲ್ ಮೋಟರಿನಿಂದ ಸುರು ಮಾಡುತ್ತೇನೆ. "ಓಲ್ಟೇಜ್ ಹೆಚ್ಚಾದ್ರ ಮೋಟರ್ ಏನಾಗ್ತೈತಿ?" "ಸುಡತೈತ್ರಿ!" "ಕಡಿಮಿಯಾದ್ರ?" "ಗೊಂಯ್ ಅಂತೈತ್ರಿ, ನೀರ ಏರಂಗಿಲ್ರಿ!" ಕೊರಳಿನ ಈ ಚಿಟ್ಟೆಯೂ ಹಾಗೆ. ಅದು ರಕ್ತಕ್ಕೆ ಬಿಡುವ ರಸ ಹೆಚ್ಚಾದರೆ ಎದೆ ಓಡುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ನಿದ್ದೆ ಇಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಕಡಿಮೆಯಾದರೆ ಮಬ್ಬು. ಜನ ಸೊಕ್ಕು ಅನ್ನುತ್ತಾರೆ, ಮೈಗಳ್ಳತನ ಅನ್ನುತ್ತಾರೆ. ಯಾರೂ ಕೊರಳು ನೋಡುವುದಿಲ್ಲ.

ಆಮೇಲೆ ಬಸ್ ಟಿಕೆಟ್. ಕೈ ಮುಂದೆ ಚಾಚಿ, ಬೆರಳ ಮೇಲೆ ಟಿಕೆಟ್ ಇಟ್ಟುಕೊಳ್ಳುತ್ತೇನೆ. ಅದು ಪಟಪಟ ನಡುಗುತ್ತದೆ. ಇದು 'ಮೊದಲು'. ಗುಳಿಗೆಯ 'ನಂತರ' ಟಿಕೆಟ್ ನಿಲ್ಲಬೇಕು. ಮೊದಲೆಲ್ಲ ನಡುಕದ ನಾಟಕ ಮಾಡುತ್ತಿದ್ದೆ. ಈಗ ನಿಲ್ಲಿಸುವ ನಾಟಕ — ಮೊಣಕೈಯನ್ನು ಟೇಬಲ್ಲಿಗೆ ಒತ್ತಿ ಉಸಿರು ಬಿಗಿಹಿಡಿಯುತ್ತೇನೆ. ಹತ್ತು ಸೆಕೆಂಡು. ಚಪ್ಪಾಳೆ.

ಬರುವಾಗ ಡ್ರೈವರ್ ಬಂದಗಿಸಾಬ ಕಾಕಾ ಅಂದರು, "ಏ ಯಶೋಧಾ, ನೀ ಕುಂತ್ರ ಸೀಟ ಗಾಡಿಗಿಂತ ಜಾಸ್ತಿ ಅಳ್ಳಾಡತೈತಿ. ನಿನ್ನ ಇಂಜಿನ್ನಿಗೆ ಕಟ್ಟಿದ್ರ ಡೀಸೆಲ್ ಉಳಿತಿತ್ತು ನೋಡು."

ಅಕ್ಕೋರು ನಕ್ಕರು. ನಾನೂ ನಕ್ಕೆ. ಕಾಲು ನಿಲ್ಲಿಸಲು ಆಗಲಿಲ್ಲ.

ಜನವರಿ 25, ಮಧ್ಯಾಹ್ನ

ಕಾಕಾನ ಮೇಲೆ ಡಬ್ಬಿಯ ಮುಚ್ಚಳ ಎಸೆದೆ. ಉಪ್ಪಿನಕಾಯಿ ಮರೆತು ಬಂದರು ಅಂತ. ಅರವತ್ತು ವರ್ಷದ ಮನುಷ್ಯ. ಮುಚ್ಚಳ ಎತ್ತಿ, ಒರೆಸಿ, ಡಬ್ಬಿಗೆ ಹಾಕಿದರು. "ಬಿಸಲ ಭಾಳ ಐತಿ" ಅಂದರು. ಬಿಸಿಲೇ ಇರಲಿಲ್ಲ.

ಎಸೆದದ್ದು ನಾನೋ, ಕೊರಳಿನ ಚಿಟ್ಟೆಯೋ?

ಹತ್ತನೆಯ ತರಗತಿಯ ಆ ದಿನದಿಂದ ಇದೇ ಪ್ರಶ್ನೆ. ಅವತ್ತು ವಿಜಯಲಕ್ಷ್ಮಿ ಅಕ್ಕೋರು ಗ್ರಂಥಿಗಳ ಪಾಠವನ್ನೇ ಓದುತ್ತಿದ್ದರು. ನಾನು ಮುಂದಿನ ಬೆಂಚು. ಕೂರಲು ಆಗುತ್ತಿರಲಿಲ್ಲ, ಬೆವರು, ಕಾಲು ಕುಣಿಯುತ್ತಿತ್ತು. ಎದ್ದು ಹೊರಗೆ ನಿಲ್ಲು ಅಂದರು. ನಾನು ಅಂದೆ, "ನೀವು ಗೈಡ್ ನೋಡಿ ಓದಾಕತ್ತೀರಿ. ನಿಮಗ ತಿಳಿದಿಲ್ಲ." ಹೆಡ್ ಮಾಸ್ತರರು ಅವ್ವನನ್ನು ಕರೆಸಿದರು. ನಾನು ಪಾಟೀಚೀಲ ಹೆಗಲಿಗೆ ಹಾಕಿ ನಡೆದೆ. ಮತ್ತೆ ಆ ಗೇಟು ದಾಟಲಿಲ್ಲ.

ಹೇಳಿಸಿದ್ದು ಥೈರಾಯ್ಡ್ ಇರಬಹುದು. ಆದರೆ ಗೈಡ್ ಇತ್ತು. ಪುಸ್ತಕದ ಒಳಗೆ, ಹಳದಿ ರಟ್ಟಿನದು.

ಮೂರು ವರ್ಷದ ಮೇಲೆ ಮುದ್ದೇಬಿಹಾಳ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಜೊತೆ ಜಗಳಾಡುತ್ತಿದ್ದೆ. ಅದೇ ಅಕ್ಕೋರು ಬಂದು ನಡುವೆ ನಿಂತರು. ನನ್ನ ಕಣ್ಣು ನೋಡಿದರು, ಕೊರಳು ನೋಡಿದರು. ಕೈ ಚಾಚು ಅಂದು ಬೆರಳ ಮೇಲೆ ಟಿಕೆಟ್ ಇಟ್ಟರು. ಅದು ಹಾರಿ ಬಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ನಾ ಪಾಠ ಓದಿದ್ನೆವ್ವಾ. ಎದುರಿಗಿದ್ದಾಕಿನ್ನ ನೋಡಲಿಲ್ಲ."

ರಿಟೈರ್ ಆದ ಮೇಲೆ ಈ ಹಳೆಯ ವ್ಯಾನ್ ಕೊಂಡದ್ದು ಅದಕ್ಕೇ. ನನ್ನನ್ನು ಮನೆಗೆ ತಂದು ಇಟ್ಟುಕೊಂಡದ್ದೂ ಅದಕ್ಕೇ.

ಅವರ ಎದುರಿಗೆ ದಿನಾ ಮುಷ್ಟಿ ಬಿಗಿಹಿಡಿಯುತ್ತೇನೆ.

ಫೆಬ್ರವರಿ 3
ದೇವರ ಹಿಪ್ಪರಗಿ

ಶಾಲೆಯ ಕಾರ್ಯಕ್ರಮ ಮುಗಿದ ಮೇಲೆ ಒಬ್ಬಾಕೆ ವ್ಯಾನಿನ ಹತ್ತಿರ ಬಂದಳು. ಚಂದವ್ವ. ಮಗಳನ್ನು ರಟ್ಟೆ ಹಿಡಿದು ತಂದಿದ್ದಳು. ಭಾಗ್ಯಜ್ಯೋತಿ, ಹದಿನೈದು ವರ್ಷ. ದಸರೆಯಿಂದ ಶಾಲೆಗೆ ಹೋಗುತ್ತಿಲ್ಲ.

"ಇಕಿಗೂ ಆ ಟಿಕೀಟ ಇಟ್ಟ ನೋಡವ್ವಾ ಒಂದೀಟ. ಉಣ್ಣಾಕ ಕುಂತ್ರ ಗಂಗಾಳ ಒಗಿತಾಳ. ಅಣ್ಣಗ ಒದ್ದಾಳ. ಮಾಸ್ತರರು ಇಕಿನ್ನ ಕಳಸಬ್ಯಾಡ್ರಿ ಅಂದ್ರು."

"ಅವ ಮೊದಲ ಹೊಡದ," ಅಂದಳು ಹುಡುಗಿ.

"ನೋಡ್ರಿ, ಹಿಂಗ!"

ಟಿಕೆಟ್ ಇಟ್ಟೆ. ಎರಡು ಸೆಕೆಂಡೂ ನಿಲ್ಲಲಿಲ್ಲ. ಕೊರಳಲ್ಲಿ ಸಣ್ಣ ಉಬ್ಬು. ಅಂಗೈ ಬಿಸಿ, ಒದ್ದೆ. ನನ್ನದರ ಹಾಗೇ. ಟಿಕೆಟ್ ಒಂದರಿಂದಲೇ ಇದೇ ಕಾಯಿಲೆ ಅಂತ ಹೇಳಲಿಕ್ಕೆ ಬರುವುದಿಲ್ಲ, ರಕ್ತ ತೋರಿಸಿ ಅಂದೆ.

ಚಂದವ್ವ ಮಗಳ ರಟ್ಟೆ ಬಿಟ್ಟಳು. "ಹಂಗಾರ... ಇದು ಸೊಕ್ಕಲ್ಲೇನು? ನಾ ಬಡದೇನಲ್ಲವ್ವಾ ಇಕಿನ್ನ. ಕಟಗಿ ತಗೊಂಡ ಬಡದೇನಿ." ಆಮೇಲೆ ನನ್ನನ್ನು ಕೇಳಿದಳು, "ಗುಳಗಿ ತಗೊಂಡ ನಿನಗ ಖರೇನ ಆರಾಮ ಆಗೇತೇನವ್ವಾ?"

ಆಗೇತಿ ಅಂದೆ.

ಹುಡುಗಿ ನನ್ನ ಕೈ ನೋಡುತ್ತಿದ್ದಳು. "ಅಕ್ಕಾ, ನಿಮ್ಮ ಕೈ ಈಗೂ ನಡಗಾಕತ್ತೈತಿ. ಈಗ ನಾಟಕ ಇಲ್ಲಲ್ಲ."

"ಚಳಿ," ಅಂದೆ. ಮಧ್ಯಾಹ್ನ ಎರಡು ಗಂಟೆ. ನನ್ನ ಹಣೆಯ ಬೆವರು ಹುಬ್ಬಿನಿಂದ ಇಳಿಯುತ್ತಿತ್ತು.

ನಂಬರ್ ಕೊಟ್ಟು ವ್ಯಾನ್ ಹತ್ತಿದೆ. ಓಡಿಹೋದಂತೆ.

ಫೆಬ್ರವರಿ 15

ಹನ್ನೆರಡು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕು.

ಇವತ್ತು ಚಂದವ್ವನ ಫೋನು. ರಕ್ತ ತೋರಿಸಿದ್ದಾರೆ. ಅದೇ ಕಾಯಿಲೆ. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ಹಿಂಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು ಅಂದಿದ್ದಾರೆ. ಹುಡುಗಿ ಒಂದನ್ನೂ ಮುಟ್ಟಿಲ್ಲ.

"ಏನಂತಾಳ?"

"ಆ ಅಕ್ಕ ಗುಳಗಿ ತಗೊಂಡೂ ನಡಗತಾಳ, ಆಕಿ ಸುಳ್ಳ ಹೇಳ್ಯಾಳ, ನಾ ಯಾಕ ತಗೋಲಿ ಅಂತಾಳವ್ವಾ. ರಾತ್ರಿ ಆಕಿ ಎದಿ ಮ್ಯಾಲ ಕೈ ಇಟ್ಟ ನೋಡಿದೆ. ಕೋಳಿಮರಿ ಹಿಡದಂಗ ಬಡಕೋತೈತಿ."

ಹುಡುಗಿ ಸರಿಯಾಗಿಯೇ ನೋಡಿದ್ದಾಳೆ. ಕಂಡದ್ದನ್ನು ಹೇಳಿದ್ದಾಳೆ. ಅದಕ್ಕೇ ಗುಳಿಗೆ ಮುಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಇನ್ನೊಂದೂ ಇದೆ. ಆರು ವಾರಕ್ಕೊಮ್ಮೆ ರಕ್ತ ತೋರಿಸು, ನೋಡಿ ಡೋಸ್ ಇಳಿಸೋಣ ಅಂತ ಡಾಕ್ಟರು ಹೇಳಿದ್ದರು. ನಾನು ಹೋಗಲಿಲ್ಲ. ಹೋಗಿ ಬಂದೆ ಅಂತ ಅಕ್ಕೋರಿಗೆ ಹೇಳಿದೆ. ಮಬ್ಬು ಹಿಡಿದದ್ದು ಡೋಸ್ ಹೆಚ್ಚಾಗಿ ಇರಬಹುದು. ಓಲ್ಟೇಜ್ ಕಡಿಮೆಯಾಗಿ ಮೋಟರ್ ಗೊಂಯ್ ಅಂದದ್ದು. ನಾನೇ ಊರೂರಿಗೆ ಹೇಳುವ ಮಾತು. ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಡೋಸ್ ಸರಿಮಾಡಿದ ಮೇಲೂ ಮಬ್ಬೇ ಉಳಿದರೆ? ಆಗ ಅದೇ ನಾನು ಅಂತ ಒಪ್ಪಬೇಕಾಗುತ್ತದಲ್ಲ — ಆ ಹೆದರಿಕೆ.

ಮುಂದಿನ ಸಂತೆಗೆ ದೇವರ ಹಿಪ್ಪರಗಿಯಲ್ಲೇ ಕಾರ್ಯಕ್ರಮ ಮಾಡೋಣ ಅಂತ ಅಕ್ಕೋರನ್ನು ಕೇಳಿದೆ. ಹೂಂ ಅಂದರು. ಕಾರಣ ಕೇಳಲಿಲ್ಲ. ಚಂದವ್ವನಿಗೂ ಹೇಳಿದೆ, ಮಗಳನ್ನು ಕರೆದುಕೊಂಡು ಬಾ.

ಫೆಬ್ರವರಿ 20, ಸಂಜೆ

ಆಯಿತು. ಹೇಳಿದೆ.

ಸಂತೆಯಲ್ಲಿ ವ್ಯಾನಿನ ಹಿಂದಿನ ಬಾಗಿಲು ತೆರೆದು ಟೇಬಲ್ ಹಾಕಿದ್ದೆವು. ಮೋಟರಿನ ಮಾತಿಗೆ ಜನ ಸೇರಿದರು. ಚಂದವ್ವ ಮುಂದೆ, ಹುಡುಗಿ ಅವಳ ಹಿಂದೆ, ತಾಯಿಯ ಸೆರಗು ತಿರುವುತ್ತ. ಟಿಕೆಟ್ ನಡುಗಿತು. ಜನ ನಕ್ಕರು. "ಈಗ ಗುಳಗಿ ತಗೊಂಡ ಮ್ಯಾಲ ನೋಡ್ರಿ," ಅಂದರು ಅಕ್ಕೋರು.

ಮೊಣಕೈ ಊರಲಿಲ್ಲ. ಕೈಯನ್ನು ಹಾಗೇ ಗಾಳಿಯಲ್ಲಿ ಚಾಚಿದೆ. ಟಿಕೆಟ್ ನಡುಗಿತು, ಜಾರಿತು, ಮೆಣಸಿನಕಾಯಿ ಚೀಲದ ಮೇಲೆ ಬಿತ್ತು.

ಗೊಂಬೆಯ ಕೊರಳು ತಿರುಗಿಸಿದೆ. ಹತ್ತಿ ಕಿತ್ತೆ. ಟೇಬಲ್ ಮೇಲೆ ಬೋರಲು ಹಾಕಿದೆ. ಒಂದು ಬೊಗಸೆ ಗುಳಿಗೆ. ಕೆಲವು ಉರುಳಿ ಕೆಳಗೆ ಬಿದ್ದವು, ಒಂದು ಕೋಳಿ ಓಡಿಬಂತು, ಕಾಕಾ ಅದನ್ನು ಹುಷ್ ಅಂದರು.

"ಇವು ನಾ ನುಂಗಬೇಕಾಗಿದ್ದುವು. ನುಂಗಿಲ್ಲ. ಎರಡೂವರಿ ತಿಂಗಳಾತು. ಇವತ್ತ ಮೊದಲ ನಡಗಿದ್ದೂ ನಾಟಕ ಅಲ್ಲ, ಈಗಿಂದೂ ಅಲ್ಲ. ಹೋದ ಸಲ ನಿಮ್ಮೂರ ಸಾಲ್ಯಾಗ ನಿಂತಿತ್ತಲ್ಲ, ಅದು ಸುಳ್ಳು."

ಚೀಲದ ಮೇಲೆ ಕೂತಿದ್ದ ಮುದುಕ ಕೇಳಿದ, "ಹಂಗಾರ ಇದೆಲ್ಲ ಸುಳ್ಳೇನಬೇ? ಅಕ್ಕೋರು ಹೇಳಿದ್ದು?"

"ಅಕ್ಕೋರು ಹೇಳಿದ್ದು ಖರೆ. ನಾ ತೋರ್ಸಿದ್ದು ಸುಳ್ಳು. ಗುಳಗಿ ತಗೊಂಡಾಗ ಕೈ ನಿಂತಿತ್ತು, ಅದೂ ಖರೆ. ಆಮ್ಯಾಲ ಮಬ್ಬ ಬಂತು. ರಕ್ತ ತೋರ್ಸಿ ಡೋಸ್ ಇಳಸ್ಕೋಬೇಕಿತ್ತು. ನಾ ಹೋಗಲಿಲ್ಲ, ನನ್ನ ಪಾಡಿಗೆ ಬಿಟ್ಟೆ. ಬಿಟ್ಟದ್ದಕ್ಕ ಹಿಂಗಾಗೇತಿ, ನೋಡ್ರಿ." ಕೈ ಚಾಚಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಿಬ್ಬರು ಗೊಣಗುತ್ತ ಹೋದರು. ಹುಡುಗಿ ತಾಯಿಯ ಹಿಂದಿನಿಂದ ಹೊರಗೆ ಬಂದು ನಿಂತಿದ್ದಳು.

ವ್ಯಾನಿನಲ್ಲಿ ಕಾಕಾ ರೇಡಿಯೋ ಹಚ್ಚಿ, ಮತ್ತೆ ಆರಿಸಿದರು. ಊರು ದಾಟಿದ ಮೇಲೆ ಅಕ್ಕೋರು ನನ್ನ ಮಣಿಕಟ್ಟು ಹಿಡಿದರು. ವಾಚ್ ನೋಡುತ್ತ ಎಣಿಸಿದರು. "ನೂರಾ ಇಪ್ಪತ್ತಾರು."

ಕೈ ಬಿಡಲಿಲ್ಲ.

"ಇಪ್ಪತ್ತೆಂಟು ಊರಾಗ ನಿನ್ನ ನಿಂದ್ರಿಸಿ, ಇಕಿ ಆರಾಮ ಆಗ್ಯಾಳ ಅಂದೇನಿ. ಮಂದಿ ಇನ್ನ ನಂಬತಾರೇನು ನನ್ನ?"

"ತಪ್ಪಾತ್ರಿ."

"ನಿನ್ನ ತಪ್ಪ ಹೌದು. ನಾ ಅದಕ್ಕ ಅಳಾಕತ್ತಿಲ್ಲ." ಕಿಟಕಿಯ ಕಡೆ ತಿರುಗಿದರು. "ಕ್ಲಾಸಿನಾಗ ನೋಡಲಿಲ್ಲ. ಮನಿಯಾಗ ಇಟ್ಕೊಂಡೂ ನೋಡಲಿಲ್ಲ. ಚಳಿಯಾಗ ಫ್ಯಾನ್ ಹಾಕತಿದ್ದಿ. ನಾ ಹೊದ್ದು ಮಕ್ಕೋತಿದ್ದೆ."

ಫೆಬ್ರವರಿ 21

ಅಕ್ಕೋರು ಮುಂದಿನ ತಿಂಗಳ ಕಾರ್ಯಕ್ರಮಗಳನ್ನೆಲ್ಲ ಮುಂದೆ ಹಾಕಿದರು. ಲಚ್ಯಾಣದ ಶಾಲೆಗೆ ಫೋನ್ ಮಾಡಿದಾಗ ಕಾರಣ ನಿಜವನ್ನೇ ಹೇಳಿದರು. ಆ ಕಡೆಯವರು ಏನಂದರೋ, ಬಹಳ ಹೊತ್ತು ಕೇಳಿಸಿಕೊಂಡರು.

ನಾನು ಅಂಗಳ ಗುಡಿಸಿದೆ. ಮತ್ತೆ ಗುಡಿಸಿದೆ.

ಫೆಬ್ರವರಿ 23, ಸಂಜೆ 6.40

ಭಾಗ್ಯಜ್ಯೋತಿಯ ಫೋನು. ತಾಯಿಯದಲ್ಲ, ಅವಳದೇ.

"ಅಕ್ಕಾ, ನೀವು ರಕ್ತ ತೋರ್ಸಾಕ ಹೋಗ್ತೀರೇನು?"

"ಹೋಗ್ಬೇಕು."

"ಹೋಗ್ಬೇಕು ಅಂತ ಕೇಳಲಿಲ್ಲ. ಹೋಗ್ತೀರೇನು?"

ನನ್ನ ಹಾಗೇ. ಸಿಟ್ಟು ಬಂತು, ನಗುವೂ ಬಂತು.

"ನೀವು ಹೋದ್ರ ನಾನೂ ಬರ್ತೇನಿ. ಡಾಕ್ಟರ ಮುಂದ ನೀವು ಮೊದಲ ನುಂಗ್ರಿ. ಬಾಯಿ ತಗದ ತೋರ್ಸಬೇಕು ಮತ್ತ."

"ನೀನೂ ತೋರ್ಸಬೇಕು."

"ತೋರ್ಸತೇನಿ." ಆಮೇಲೆ ಕೇಳಿದಳು, "ಅಕ್ಕಾ, ಗುಳಗಿ ತಗೊಂಡ್ರ ನಾ ಅಣ್ಣಗ ಎದುರ ಮಾತಾಡೂದ ಬಿಡತೇನೇನು?"

ಗೊತ್ತಿಲ್ಲ ಅಂದೆ. ವೇದಿಕೆಯ ಮೇಲೆ ಯಾವತ್ತೂ ಹೇಳದ ಮಾತು. ನನಗೂ ಅದೇ ಹೆದರಿಕೆ, ಡಾಕ್ಟರನ್ನು ಇಬ್ಬರೂ ಕೇಳೋಣ ಅಂದೆ. ಹೂಂ ಅಂದಳು. ವಿಜಯಪುರ ಬಸ್ ನಿಲ್ದಾಣದಲ್ಲಿ ತಾಯಿ ಮಗಳು ಕಾಯುತ್ತಾರೆ.

ಅಕ್ಕೋರು ಹಳೆಯ ರಿಪೋರ್ಟುಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ತೂಗುಹಾಕಿದ್ದಾರೆ. ತಮ್ಮ ಸ್ವೆಟರನ್ನೂ. ನನಗೆ ಬೇಡ ಅಂದೆ. "ಆರಾಮಾದ ಮ್ಯಾಲ ಚಳಿ ಹತ್ತತೈತಿ, ಆವಾಗ ಬೇಕಾಗ್ತೈತಿ" ಅಂದರು.

ಕೈ ನಡುಗುತ್ತಿದೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನಾಳೆ ಆರೂ ಕಾಲರ ಬಸ್ಸಿಗೆ ಹೊರಡುತ್ತೇನೆ.